ಮೂರನೆಯ ಅಲೆ

ಫೆಬ್ರವರಿ 5, ಸಂಜೆ

ಸುತ್ತಿಗೆಯಿಂದ ಅಂಚು ತಟ್ಟಿ ಹನ್ನೊಂದು ಬಟ್ಟಲುಗಂಟೆ ಶ್ರುತಿ ಮಾಡಿದೆ. ಎರಡು ಕೆಟ್ಟವು. ಒಂದರ ಅಂಚೇ ದಪ್ಪ, ಎರಕದವರ ತಪ್ಪು. ಇನ್ನೊಂದು ನನ್ನದು — ಒಂದು ಏಟು ಹೆಚ್ಚಾಯಿತು. ಹಿತ್ತಾಳೆಗೆ ಬಿದ್ದ ಏಟು ಬಿದ್ದಂತೆಯೇ. ಮತ್ತೆ ಕುಲುಮೆಗೆ.

ಹಿಮ. ಅದು ಕರಗಲೆಂದು ರಸ್ತೆ ಮಧ್ಯದ ತೂತುಗಳಿಂದ ನೀರು ಚಿಮ್ಮುತ್ತಲೇ ಇತ್ತು. ಬೂಟು ಒದ್ದೆ, ಕಾಲುಚೀಲಕ್ಕೆಲ್ಲ ತುಕ್ಕಿನ ಬಣ್ಣ.

ನಮ್ಮ ಮನೆಯವರ ಸುತ್ತಿಗೆಯನ್ನು ಇವತ್ತೂ ಹಿಡಿದು ನೋಡಿದೆ. ಹಿಡಿಯಲ್ಲಿ ಒಂದು ಗುಳಿ. ಇಪ್ಪತ್ತೆಂಟು ವರ್ಷ ಅವರ ಹೆಬ್ಬೆರಳು ಕೂತ ಜಾಗ. ನನ್ನದು ಅಲ್ಲಿಗೆ ಮುಟ್ಟುವುದಿಲ್ಲ, ಅರ್ಧ ಅಂಗುಲ ಈಚೆಗೇ ನಿಲ್ಲುತ್ತದೆ. ಹೊಸ ಸುತ್ತಿಗೆಯನ್ನೇ ತೆಗೆದುಕೊಂಡೆ. ಅಷ್ಟು ವರ್ಷ ಪಕ್ಕದಲ್ಲಿ ಕೂತು ಪಾಲಿಶ್ ಮಾಡಿದವಳು ಈಗ ಅವರ ಮಣೆಯ ಮೇಲೆ ಕೂತಿದ್ದೇನೆ. ಕಾರ್ಖಾನೆಯ ಯಜಮಾನರು ಬೇರೆ ಯಾರನ್ನೂ ಕೇಳಲಿಲ್ಲ.

ಮನೆಗೆ ಬಂದು ದೇವರಗೂಡಿನ ಮುಂದೆ ಗಂಟೆ ಬಾರಿಸಿದೆ. ಒಂದು ಸಲ. ಬುದ್ಧನ ಸೂತ್ರ ಹೇಳಲಿಲ್ಲ.

ಫೆಬ್ರವರಿ 9

ಪ್ರತಿ ತಿಂಗಳ ಹಾಗೆ ತಿಥಿಗೆ ಬುದ್ಧಗುಡಿಯ ಗುರುಗಳು ಬಂದರು. ಸೂತ್ರ ಮುಗಿದ ಮೇಲೆ ಚಹಾ. ಸೂತ್ರವಿಲ್ಲದೆ ಬರೀ ಗಂಟೆ ಬಾರಿಸುತ್ತೇನೆಂದು ಪಕ್ಕದ ಮನೆಯವರು ಅವರ ಕಿವಿಗೆ ಹಾಕಿದ್ದಾರೆ.

"ಸೂತ್ರ ಶುರುವಾಯ್ತು ಅಂತ ತಿಳಿಸೋಕೆ ಇದು, ಮಿಸಾವೊ ಸಾನ್. ಸತ್ತೋರನ್ನ ಕರೆಯೋಕಲ್ಲ. ನಿಮ್ಮ ತೆತ್ಸುಜಿ ತೀರಿಕೊಂಡವತ್ತೇ ಅಮಿತಾಭ ಬುದ್ಧನ ಹತ್ರ ಹೋಗಿ ಆಯ್ತು. ಕರೆದ್ರೆ ಕೇಳಿಸೋ ದೂರದಲ್ಲಿಲ್ಲ ಅವನು."

"ಗೊತ್ತು ಗುರುಗಳೇ."

"ಗೊತ್ತಿದ್ರೆ ಸರಿ. ಈ ಅಕ್ಕಿ ಬಿಸ್ಕತ್ತು ಚೆನ್ನಾಗಿದೆ, ಎಲ್ಲಿ ತಂದ್ರಿ?"

ಗೊತ್ತು. ಕರೆಯುವುದಕ್ಕೆ ಬಾರಿಸುತ್ತಿಲ್ಲ.

ಗುರುಗಳು ಬಂದಾಗ ಇಟ್ಟಿದ್ದು ಹಳೆಯ ಗಂಟೆ. ಅವರು ಹೋದ ಮೇಲೆ ಬೀರುವಿನಿಂದ ಇನ್ನೊಂದನ್ನು ತೆಗೆದಿಟ್ಟೆ. ಅದು ಸರಿಯಾದ ಗಂಟೆಯಲ್ಲ. ಅಕ್ಟೋಬರ್ ಒಂಬತ್ತು, ಬೆಳಿಗ್ಗೆ ಹತ್ತೂಕಾಲಿಗೆ ನಮ್ಮ ಮನೆಯವರು ಕೆಲಸದಲ್ಲೇ ಕುಸಿದು ಬಿದ್ದಾಗ ಅವರು ತಟ್ಟುವ ಅಡಿಗಲ್ಲಿನ ಮೇಲಿದ್ದದ್ದು. ಪಾಲಿಶ್ ಮಾಡುವ ಕಿನುಯೊ ಅಕ್ಕ ಟವೆಲಿನಲ್ಲಿ ಸುತ್ತಿ ನನ್ನ ಚೀಲಕ್ಕೆ ಹಾಕಿದ್ದಳು. ಶ್ರುತಿ ಅರ್ಧವೇ ಆಗಿದೆ. ತಳದಲ್ಲಿ ಅವರ ಮುದ್ರೆ ಇಲ್ಲ. ಮುದ್ರೆ ಒತ್ತುವುದು ಎಲ್ಲ ಮುಗಿದ ಮೇಲೆ.

ಒಳ್ಳೆಯ ಗಂಟೆಯ ದನಿ ಅಲೆ ಅಲೆಯಾಗಿ, ಒಂದೇ ಅಳತೆಯಲ್ಲಿ ಸಣ್ಣದಾಗುತ್ತ ಹೋಗಬೇಕು, ಮಲಗಿದವರ ಉಸಿರಿನ ಹಾಗೆ. ಇದರಲ್ಲಿ ಎರಡು ಅಲೆ ನೆಟ್ಟಗೆ ಬರುತ್ತದೆ. ಮೂರನೆಯದು ಬಿದ್ದುಹೋಗುತ್ತದೆ. ಮುಗಿಯಿತು ಅನ್ನಿಸುತ್ತದೆ. ಆಮೇಲೆ ಎಲ್ಲಿಂದಲೋ ಏಳುತ್ತದೆ.

ಅದಕ್ಕೇ ಬಾರಿಸುವುದು.

ಶ್ರುತಿಗಾರರ ಮನೆಯ ದೇವರಗೂಡಿನಲ್ಲಿ ಕೆಟ್ಟ ಗಂಟೆ. ನಾಚಿಕೆಯ ವಿಷಯ. ಯಾರಿಗೂ ಹೇಳಿಲ್ಲ.

ಫೆಬ್ರವರಿ 20

ಟೋಕಿಯೊದಿಂದ ಡಿಸೈನರ್ ಬಂದಿದ್ದಳು. ಅಸಾಗಿ ಎಂದು ಹೆಸರು. ಮೂವತ್ತೈದಿರಬಹುದು. ದೊಡ್ಡ ಚೀಲ. ಈಗಿನ ಸಣ್ಣ ಮನೆಗಳಿಗೆ ಹೊಸ ತರದ ಗಂಟೆ ಮಾಡಬೇಕಂತೆ, ದೇವರಗೂಡು ಇಲ್ಲದವರೂ ಇಟ್ಟುಕೊಳ್ಳುವಂಥದ್ದು.

"ಇಲ್ಲದಿರೋದನ್ನ ಕೈಗೆ ಸಿಗೋ ಹಾಗೆ ಮಾಡ್ಬೇಕು ಅಂತಿದೀನಿ," ಅಂದಳು.

"ಇಲ್ಲದಿರೋದು ಬೇಕಾದ್ರೆ ಭಾನುವಾರ ನಮ್ಮನೆಗೆ ಬಾಮ್ಮ," ಅಂದಳು ಕಿನುಯೊ ಅಕ್ಕ. "ನನ್ನ ಗಂಡ ಮನೇಲಿ ಹಾಕೋ ಚಪ್ಪಲಿ ಇರುತ್ತೆ, ಗಂಡ ಇರಲ್ಲ."

ಯಜಮಾನರಿಗೆ ಎಂಬತ್ತೊಂದು. ಒಂದು ಕಿವಿ ಮಂದ. "ಏನಂತೆ ಅವಳಿಗೆ?"

"ಏನೂ ಇಲ್ಲದ್ದು ಬೇಕಂತೆ, ಮುರೋಯಿ ಯಜಮಾನ್ರೇ."

"ಸ್ಟಾಕ್ ಇಲ್ಲ ಅನ್ನು."

ಅವಳೂ ನಕ್ಕಳು. ಚೀಲದಿಂದ ಒಂದೊಂದೇ ತೆಗೆದು ಬೆಂಚಿನ ಮೇಲೆ ಸಾಲಾಗಿ ಇಟ್ಟಳು. ಉಣ್ಣೆಯ ದಪ್ಪ ಬಟ್ಟೆ, ಸುಟ್ಟ ದೇವದಾರಿನ ತುಂಡು, ಹೊಳೆಯ ಕಲ್ಲು, ಕೈಕಾಗದ, ತವರದ ತಗಡು. ಕಣ್ಣು ಮುಚ್ಚಿ ಹಿಡಿಯಿರಿ, ಏನನ್ನಿಸುತ್ತದೆ ಹೇಳಿ ಅಂದಳು. ಯಜಮಾನರ ಕೈಗೆ ತವರ ಕೊಟ್ಟಳು.

"ತವರ," ಅಂದರು ಅವರು.

"ಅದಲ್ಲ, ಏನನ್ಸುತ್ತೆ?"

"ತವರ ಅನ್ಸುತ್ತೆ."

ಬಗ್ಗಿಸಿದರು. ತವರ ಬಗ್ಗಿದರೆ ಒಳಗಿಂದ ಕಿರ್ ಎಂದು ಸಣ್ಣಗೆ ದನಿ ಬರುತ್ತದೆ. ಅವಳು ಕಿವಿ ಹತ್ತಿರ ತಂದಳು. "ಅಳುತ್ತೆ ಇದು."

"ಎಪ್ಪತ್ತು ವರ್ಷದಿಂದ ಬಗ್ಗಿಸ್ತಿದೀನಮ್ಮ. ಒಂದು ಸಲಾನೂ ಅತ್ತಿಲ್ಲ."

ನನಗೆ ಕಲ್ಲು. ಮೊದಲು ತಣ್ಣಗಿತ್ತು. ಹಿಡಿದೇ ಇದ್ದೆ. ನಿಧಾನವಾಗಿ ನನ್ನ ಬಿಸಿಯನ್ನೇ ನನಗೆ ಕೊಡತೊಡಗಿತು. ಆಸ್ಪತ್ರೆಯಲ್ಲಿ ಅವರ ಕೈ ಹಿಡಿದು ಕೂತಿದ್ದಾಗ ನರ್ಸ್‌ಗೆ ಹೇಳಿದ್ದೆ, ಕೈ ಇನ್ನೂ ಬೆಚ್ಚಗಿದೆ ಎಂದು. ಅದು ನನ್ನದೇ ಬಿಸಿ.

"ಏನೂ ಅನ್ನಿಸಲಿಲ್ಲ," ಅಂದೆ.

ಮಾರ್ಚ್ 14

ಅಸಾಗಿ ಮತ್ತೆ ಬಂದಳು. ಒಂದೇ ಗಂಟೆಯನ್ನು ಕಲ್ಲಿನ ಮೇಲಿಟ್ಟು, ಉಣ್ಣೆಯ ಮೇಲಿಟ್ಟು, ಮರದ ಮೇಲಿಟ್ಟು ಬಾರಿಸಿ ನೋಡಿದಳು. ಕಲ್ಲಿನ ಮೇಲೆ ದನಿ ಬೇಗ ಸಾಯುತ್ತದೆ. ಗಾಜು ಯಾವುದನ್ನೂ ನೆನಪಿಟ್ಟುಕೊಳ್ಳುವುದಿಲ್ಲ, ಅದಕ್ಕೇ ಬೇಡ ಅಂದಳು. ಹಿತ್ತಾಳೆ ಕೈ ಮುಟ್ಟಿದಲ್ಲಿ ಕಪ್ಪಾಗುತ್ತದೆ, ಅದು ಒಳ್ಳೆಯದು ಅಂದಳು. ಕಪ್ಪಾಗದಂತೆ ಉಜ್ಜಿ ಉಜ್ಜಿ ನಮ್ಮ ಬೆರಳ ಗುರುತೇ ಹೋಗಿದೆ. ಆದರೂ ಕೇಳುತ್ತ ಕೂತೆ. ಮಾತನಾಡುವಾಗ ಅವಳು ವಸ್ತುವನ್ನೇ ನೋಡುತ್ತಾಳೆ, ನಮ್ಮ ಮುಖವನ್ನಲ್ಲ. ಅದು ಹಿಡಿಸಿತು.

ಗೋಡೆಯ ಮೇಲಿನ ಅವರ ಸುತ್ತಿಗೆ ಅವಳ ಕಣ್ಣಿಗೆ ಬಿತ್ತು. ತೆಗೆದುಕೊಂಡು ಗುಳಿಯಲ್ಲಿ ಹೆಬ್ಬೆರಳಿಟ್ಟಳು.

"ಯಾರದು ಇದು?"

"ನನ್ನ ಗಂಡಂದು. ಹೋದ ಅಕ್ಟೋಬರ್‌ನಲ್ಲಿ ತೀರಿಕೊಂಡ್ರು."

ಬೆಂಕಿ ಮುಟ್ಟಿದ ಹಾಗೆ ಬೆರಳು ತೆಗೆದಳು. ತಲೆ ಬಾಗಿಸಿದಳು. ಆಮೇಲೆ ಮೆಲ್ಲಗೆ, "ನಾನು ಹುಡುಕ್ತಿರೋದು ಇದನ್ನೇ. ಆದ್ರೆ ಇದನ್ನ ಮಾಡೋಕೆ ಬರಲ್ಲ ಅಲ್ವಾ. ತಾನಾಗೇ ಆಗ್ಬೇಕು."

ಏಪ್ರಿಲ್ 11, ಸಂಜೆ 7

ಅಸಾಗಿ ಕೇಳದೆಯೇ ಮನೆಗೆ ಬಂದಳು, ಊದುಬತ್ತಿ ಹಿಡಿದುಕೊಂಡು. ತೆತ್ಸುಜಿ ಸಾನ್‌ಗೆ ನಮಸ್ಕಾರ ಮಾಡಬೇಕು ಅಂದಳು. ನಾನು ಅಡುಗೆಮನೆಗೆ ನೀರಿಡಲು ಹೋದೆ. ಗಂಟೆ ಬದಲಾಯಿಸಲು ಮರೆತೆ. ಟೋಕಿಯೊದವಳು, ನಮ್ಮ ಪಂಥದ ರೀತಿ ಗೊತ್ತಿಲ್ಲ. ಬಾರಿಸಿಬಿಟ್ಟಳು.

ಕೆಟಲ್ ಹಿಡಿದೇ ನಿಂತೆ. ಒಂದು. ಎರಡು. ಮೂರನೆಯದು ಬಿತ್ತು. ಅವಳ ಉಸಿರು ನಿಂತದ್ದು ನನಗೆ ಕೇಳಿಸಿತು. ಆಮೇಲೆ ಎದ್ದಿತು.

ತಿರುಗಿದಳು. "ಹೋಯ್ತು ಅಂದ್ಕೊಂಡೆ," ಅಂದಳು. ಸ್ವಲ್ಪ ಹೊತ್ತಿನ ಮೇಲೆ, "ಬಂತು."

ಆರು ತಿಂಗಳಲ್ಲಿ ಇನ್ನೊಬ್ಬರು ಅದನ್ನು ಕೇಳಿದ್ದು ಇದೇ ಮೊದಲು. ಎಲ್ಲ ಹೇಳಿಬಿಟ್ಟೆ. ನಾಚಿಕೆಯನ್ನೂ. ಫೋನಿನಲ್ಲಿ ರೆಕಾರ್ಡ್ ಮಾಡಲೇ ಎಂದು ಕೇಳಿದಳು. ಮಾಡಿಕೊ ಅಂದೆ.

ಹೋಗುವಾಗ ಬಾಗಿಲಲ್ಲಿ ನಿಂತು ಕೇಳಿದಳು. ಇದೇ ಗಂಟೆಯ ಅಂಚನ್ನು ಬೆರಳಗಲಕ್ಕೊಂದರಂತೆ ಅಳೆದು, ಅದರಂತೆ ಹೊಸದನ್ನು ಮಾಡಬಹುದೇ ಎಂದು. ಕಾರ್ಖಾನೆಯ ಅಳತೆಯಂತ್ರಕ್ಕೆ ಒಂದು ವಾರ ಕೊಟ್ಟರೆ ಸಾಕು.

"ಬೇಡ," ಅಂದೆ.

"ಹೌದು. ಬೇಡ," ಅಂದಳು. ಚಪ್ಪಲಿ ಹಾಕಿಕೊಂಡಳು.

ಜೂನ್ 30

ಅಸಾಗಿಯ ಕಾರ್ಡ್. ಐದನೆಯದು. ಪಿಂಗಾಣಿಯಲ್ಲಿ ನೋಡಿದಳಂತೆ, ತವರ ಬೆರೆಸಿ ನೋಡಿದಳಂತೆ, ಅಂಚಿನಲ್ಲಿ ಸೀಳು ಬಿಟ್ಟು ನೋಡಿದಳಂತೆ. 'ಬೀಳುವುದನ್ನು ಮಾಡಬಹುದು. ಏಳುವುದನ್ನು ಮಾಡಲಾಗುತ್ತಿಲ್ಲ.' ಅಷ್ಟೇ ಬರೆದಿದ್ದಾಳೆ. ಗಂಟೆ ಕೊಡಿ ಎಂದು ಒಂದು ಕಾರ್ಡಿನಲ್ಲೂ ಕೇಳಿಲ್ಲ.

ಸೆಪ್ಟೆಂಬರ್ 26

ಕೊಟ್ಟೆ. ಬಂದು ಅಳೆದುಕೊ ಎಂದು ಅಸಾಗಿಗೆ ಬರೆದೆ.

ಬೇಸಿಗೆಯೆಲ್ಲ ಯೋಚಿಸಿದೆ. ಮಕ್ಕಳಿಲ್ಲ. ನಾನು ಹೋದ ಮೇಲೆ ಯಾರೋ ಈ ಗಂಟೆ ಬಾರಿಸುತ್ತಾರೆ, ಕೆಟ್ಟದ್ದು ಎಂದು ಕುಲುಮೆಗೆ ಹಾಕುತ್ತಾರೆ. ಗೊತ್ತಿಲ್ಲದವರ ಮನೆಗಳಲ್ಲಾದರೂ ಆ ಅಲೆ ಏಳಲಿ.

ಒಂದನೇ ತಾರೀಖು ಬಂದು ಅಳೆಯುತ್ತಾಳೆ. ಅದೇ ಟವೆಲಿನಲ್ಲಿ ಸುತ್ತಿ ಶ್ರುತಿಕೋಣೆಯ ಮೇಲಿನ ಹಲಗೆಯಲ್ಲಿ ಇಟ್ಟು ಬಂದೆ. ಚೀಟಿ ಕಟ್ಟಲಿಲ್ಲ. ಏನೆಂದು ಬರೆಯುವುದು? ತೆತ್ಸುಜಿ ಮಾಡಿದ್ದು, ಕೆಟ್ಟದ್ದು, ಮುಟ್ಟಬೇಡಿ ಎಂದೇ? ಇಪ್ಪತ್ತೆಂಟು ವರ್ಷದಲ್ಲಿ ಅವರ ಕೈಯಿಂದ ಅಂಥ ಚೀಟಿ ಒಂದೂ ಹೋಗಿಲ್ಲ.

ಇವತ್ತು ದೇವರಗೂಡಿನಲ್ಲಿ ಹಳೆಯ ಗಂಟೆ. ಬಾರಿಸಲಿಲ್ಲ.

ಅಕ್ಟೋಬರ್ 1

ಅಸಾಗಿಗೆ ಜ್ವರ. ಮುಂದಿನ ವಾರ ಬರುತ್ತಾಳಂತೆ.

ಹಲಗೆ ಖಾಲಿ.

ಕಿನುಯೊ ಅಕ್ಕನನ್ನು ಕೇಳಿದೆ. "ಯಜಮಾನ್ರು ಭಾನುವಾರ ಬಂದಿದ್ರಂತೆ ಕಣೇ. ಸೋಮವಾರ ಬೆಳಿಗ್ಗೆ ಟವೆಲ್ ಗಂಟು ಹಿಡ್ಕೊಂಡು ಮನೆಗೆ ಹೋದ್ರು. ಏನೋ ನಗ್ತಾ ಇದ್ರು."

ಯಜಮಾನರ ಹತ್ತಿರ ಹೋದೆ. ಕೇಳುವ ಮೊದಲೇ ಕೈ ಎತ್ತಿದರು. "ಭಾನುವಾರ ವರ್ಷದ ಕಾರ್ಯ ಇದೆಯಲ್ಲ. ಆಗ ಗೊತ್ತಾಗುತ್ತೆ. ಮುದುಕನಿಗೂ ಒಂದು ಗುಟ್ಟಿರ್ಲಿ, ಹೋಗಮ್ಮ."

ಚೀಟಿ ಇಲ್ಲದೆ ಹಲಗೆಯ ಮೇಲಿದ್ದದ್ದು ನಮ್ಮಲ್ಲಿ ಏನೆಂದು ನನಗೆ ಗೊತ್ತು. ಬಾಕಿ ಉಳಿದ ಕೆಲಸ.

ಅಕ್ಟೋಬರ್ 3

ಪಾಲಿಶ್ ಮಾಡಿಸುತ್ತಿರಬಹುದು. ಪಾಲಿಶ್ ಆದರೆ ಪರವಾಗಿಲ್ಲ. ಗಂಟೆ ಇಡಲು ಹೊಸ ದಿಂಬು ಹೊಲಿಸುತ್ತಿರಬಹುದು. ಹನ್ನೆರಡು ವರ್ಷದಿಂದ ಯಜಮಾನರು ಸುತ್ತಿಗೆ ಮುಟ್ಟಿಲ್ಲ. ಚಹಾದ ಲೋಟ ಹಿಡಿದರೂ ಕೈ ನಡುಗುತ್ತದೆ.

ಅಕ್ಟೋಬರ್ 4

ಪಾಲಿಶ್ ಇರಬೇಕು.

ಅಕ್ಟೋಬರ್ 6, ಮಧ್ಯಾಹ್ನ

ಎಲ್ಲರೂ ಹೋದರು. ಊಟದ ಪೆಟ್ಟಿಗೆಗಳು ಹಾಗೇ ಇವೆ.

ಸೂತ್ರ ಶುರುವಾಗುವ ಮೊದಲು ಯಜಮಾನರು ಮುಂದೆ ಬಂದು ಕೂತರು. ನೇರಳೆ ಬಟ್ಟೆಯ ಗಂಟು ಬಿಚ್ಚಿದರು. ಗಂಟೆ. ತಿರುಗಿಸಿ ತಳ ತೋರಿಸಿದರು. ನಮ್ಮ ಮನೆಯವರ ಮುದ್ರೆ ಬಿದ್ದಿತ್ತು.

"ತೆತ್ಸುಜಿ ಕೆಲಸ ಅರ್ಧಕ್ಕೆ ಬಿಟ್ಟವನಲ್ಲ," ಅಂದರು. "ಇದೊಂದು ಹಾಗೇ ಉಳಿದಿತ್ತು. ಹಾಗೇ ಬಿಟ್ರೆ ಕಲಿಸಿದವನಿಗೆ ಮರ್ಯಾದೆ ಅಲ್ಲ. ಭಾನುವಾರ ಯಾರೂ ಇಲ್ದಾಗ ಹೋಗಿ ಅವನ ಮಣೆ ಮೇಲೆ ಕೂತೆ. ಕೈ ಮಾತು ಕೇಳುತ್ತೋ ಇಲ್ವೋ ಅಂತ ಭಯ ಇತ್ತು. ಕೇಳಿತು. ಐದು ಏಟು, ಮಿಸಾವೊ. ಐದೇ ಉಳಿಸಿದ್ದ ನನ್ನ ಶಿಷ್ಯ."

ಅವರ ಕಣ್ಣು ಒದ್ದೆಯಾಗಿತ್ತು.

ಗುರುಗಳು ಬಾರಿಸಿದರು. ಒಂದು ಅಲೆ, ಎರಡು, ಮೂರು, ನಾಲ್ಕು, ಐದು... ಒಂದೇ ಅಳತೆ. ಯಾವ ದೋಷವೂ ಇಲ್ಲ. ಹಾಗೆ ಶ್ರುತಿ ಮಾಡಲು ನನಗೆ ಇನ್ನೂ ಹತ್ತು ವರ್ಷ ಬೇಕು.

"ತೆತ್ಸುಜಿ ಕೈಯದೇ," ಅಂದರು ಯಾರೋ ಹಿಂದಿನಿಂದ.

ಚಾಪೆಗೆ ಹಣೆ ಮುಟ್ಟಿಸಿ ಧನ್ಯವಾದ ಹೇಳಿದೆ. ಎರಡು ಸಲ ಹೇಳಿದೆ. ತಲೆ ಎತ್ತಲು ತಡವಾಯಿತು. ಅಳುತ್ತಿದ್ದೇನೆ ಎಂದುಕೊಂಡರು ಎಲ್ಲರೂ. ಅಳುತ್ತಿರಲಿಲ್ಲ. ಚಾಪೆಯ ಹುಲ್ಲು ಎಣಿಸುತ್ತಿದ್ದೆ.

ಅಕ್ಟೋಬರ್ 7

ಬಾರಿಸಿದೆ. ಹದಿನೇಳು ಅಲೆಯವರೆಗೆ ಕೇಳಿಸಿತು. ಎಲ್ಲಿಯೂ ಬೀಳುವುದಿಲ್ಲ.

ಬೀಳದಿದ್ದರೆ ಏಳುವುದಾದರೂ ಎಲ್ಲಿಂದ.

ಅಕ್ಟೋಬರ್ 9, ಬೆಳಿಗ್ಗೆ 10:15

ಒಂದು ವರ್ಷ.

ಅಕ್ಟೋಬರ್ 15

ಅಸಾಗಿ ಬಂದಳು. ಇನ್ನೂ ಕೆಮ್ಮುತ್ತಿದ್ದಾಳೆ. ಏನೂ ಹೇಳದೆ ಗಂಟೆ ಬಾರಿಸಿದೆ. ನಾಲ್ಕನೆಯ ಅಲೆಗೇ ಅವಳಿಗೆ ತಿಳಿಯಿತು.

"ಯಾರು?" ಅಂದಳು.

ಹೇಳಿದೆ.

"ನೀವು ಅವರಿಗೆ..."

"ಧನ್ಯವಾದ ಹೇಳಿದೆ."

ಮುಖ ಮುಚ್ಚಿಕೊಂಡು ಕೂತಳು. ತಪ್ಪು ನನ್ನದು, ನಾನು ಕೇಳಬಾರದಿತ್ತು ಅಂದಳು. ತಪ್ಪು ಯಾರದೂ ಅಲ್ಲ. ಒಂದು ಚೀಟಿ ಬರೆಯಲು ನಾಚಿಕೆಪಟ್ಟೆ, ಅಷ್ಟೇ.

ಫೋನು ತೆಗೆದಳು. ರೆಕಾರ್ಡ್ ಮಾಡಿದ್ದು ಇದೆ, ಅದನ್ನು ಕೇಳಿ ಅಂಚಿನ ಅಳತೆ ಲೆಕ್ಕ ಹಾಕಬಹುದು ಅಂದಳು. ಹಾಕಿದಳು. ನನ್ನ ಅಡುಗೆಮನೆಯ ಸದ್ದು, ಕೆಟಲ್ಲು, ಗಂಟೆ. ಒಂದು. ಎರಡು. ಮೂರನೆಯದು ಬಿತ್ತು. ಕಾದೆವು. ಕೆಟಲಿನ ಸದ್ದು ಮಾತ್ರ. ಮತ್ತೆ ಹಾಕಿದಳು. ಇನ್ನೊಮ್ಮೆ.

ಬೀಳುವುದು ಫೋನಿಗೆ ಸಿಕ್ಕಿದೆ. ಎದ್ದದ್ದು ಅಷ್ಟು ಸಣ್ಣದು, ಸಿಕ್ಕಿಲ್ಲ.

ನವೆಂಬರ್ 22

ಅಸಾಗಿಗಾಗಿ ಎರಕವಾದ ಗಂಟೆಗಳು, ಒಟ್ಟು ಮೂವತ್ತು. ಕೆಲಸ ಮುಗಿದ ಮೇಲೆ ದಿನಕ್ಕೊಂದೆರಡು ಹಿಡಿದು ನೋಡುತ್ತೇನೆ. ಮೂರನೆಯ ಅಲೆ ಬೀಳಿಸಬೇಕು, ಮತ್ತೆ ಎಬ್ಬಿಸಬೇಕು. ಬೇಕೆಂದೇ ತಪ್ಪು ಹೊಡೆಯಬೇಕು. ಆಗುವುದಿಲ್ಲ. ಸ್ವಲ್ಪ ಸೊಟ್ಟ ಕೇಳಿದರೆ ಸಾಕು, ಕೈ ತಾನೇ ಹೋಗಿ ನೆಟ್ಟಗೆ ಮಾಡುತ್ತದೆ. ಮೂವತ್ತೂ ಒಳ್ಳೆಯ ಗಂಟೆಗಳಾದವು.

"ಏನೇ ಇದು, ಈ ತಿಂಗಳು ಒಂದೂ ಕೆಟ್ಟಿಲ್ಲ," ಅಂದಳು ಕಿನುಯೊ ಅಕ್ಕ. "ತೆತ್ಸುಜಿ ಮೈಮೇಲೆ ಬಂದಿದ್ದಾನಾ?"

ಎದ್ದು ಹೊರಗೆ ಹೋದೆ. ಪಾಪ, ಅವಳು ತಮಾಷೆಗೆ ಅಂದದ್ದು.

ಡಿಸೆಂಬರ್ 18

ಅಸಾಗಿಯ ಗಂಟೆ ಬಂತು. ಅವಳ ಕಂಪನಿಯವರು ಒಪ್ಪಿದ್ದು. ಒಂದು ಬದಿ ಕನ್ನಡಿಯ ಹಾಗೆ ಹೊಳೆಯುತ್ತದೆ. ಇನ್ನೊಂದು ಬದಿ ಅಚ್ಚಿನಿಂದ ತೆಗೆದಂತೆಯೇ, ಕಪ್ಪು, ಮರಳಿನ ತರಿ ತರಿ. ಜೊತೆಯ ಕಾಗದದಲ್ಲಿ 'ಮುಗಿಯದೆ ಉಳಿದವರಿಗಾಗಿ' ಎಂದು ಅಚ್ಚಾಗಿದೆ. ದನಿ ಸರಿಯಾಗಿದೆ. ತುಂಬ ಸರಿಯಾಗಿದೆ.

"ಉಜ್ಜೋದು ಅರ್ಧಕ್ಕೆ ಬಿಟ್ಟು ಊಟಕ್ಕೆ ಹೋದ ಹಾಗಿದೆ," ಅಂದಳು ಕಿನುಯೊ ಅಕ್ಕ. "ಬೈಸಿಕೊಳ್ಳೋದು ನಾನು."

ಅಸಾಗಿ ಕೈಯಲ್ಲಿ ಬರೆದ ಪತ್ರವೂ ಇತ್ತು. 'ದನಿಯಲ್ಲಿ ಆಗಲಿಲ್ಲ. ಮೈಯಲ್ಲಿ ಹೇಳಲು ನೋಡಿದೆ. ಕ್ಷಮಿಸಿ.'

ಕಣ್ಣು ಮುಚ್ಚಿ ಹಿಡಿದು ನೋಡಿದೆ, ಅವಳು ಕಲಿಸಿದ ಹಾಗೆ. ಒಂದು ಕೈಗೆ ನುಣುಪು, ಒಂದು ಕೈಗೆ ತರಿ. ಒಳ್ಳೆಯ ಕೆಲಸ. ಯಾರದೋ ಮನೆಯಲ್ಲಿ ಯಾರಿಗೋ ಏನಾದರೂ ಅನ್ನಿಸಬಹುದು. ನನಗೆ ಹಿತ್ತಾಳೆ ಅನ್ನಿಸಿತು.

ಜನವರಿ 7

ಹೊಸ ವರ್ಷದ ಮೊದಲ ಕೆಲಸದ ದಿನ. ಯಜಮಾನರನ್ನು ಮಗ ಗಾಲಿಕುರ್ಚಿಯಲ್ಲಿ ಕರೆತಂದಿದ್ದ. ನನ್ನ ಮಣೆಯ ಹತ್ತಿರ ನಿಲ್ಲಿಸಲು ಹೇಳಿದರು.

"ದಿನಾ ಬಾರಿಸ್ತೀಯಾ?"

"ಹೂಂ."

"ಹೇಗಿದೆ?"

"ಚೆನ್ನಾಗಿದೆ ಯಜಮಾನ್ರೇ."

"ನನ್ನ ಕೊನೇ ಗಂಟೆ ಅದು. ಅವನದೂ ಕೊನೇದು. ಇಬ್ಬರದೂ ಒಂದರಲ್ಲೇ ಇದೆ." ನನ್ನ ಕೈ ತಟ್ಟಿದರು. ಅವರ ಕೈ ಬೆಚ್ಚಗಿತ್ತು. ಅದು ಅವರದೇ ಬಿಸಿ.

ಅಸಾಗಿಗೆ ಕೇಳಿಸಿದ್ದು ಬಿಟ್ಟರೆ ಅಕ್ಟೋಬರ್ ಏಳರಿಂದ ನಾನಾಗಿ ಬಾರಿಸಿಲ್ಲ.

ಜನವರಿ 19, ಭಾನುವಾರ, ಸಂಜೆ 4

ಬೆಳಿಗ್ಗೆ ಕಾರ್ಖಾನೆಗೆ ಹೋದೆ. ಯಾರೂ ಇಲ್ಲ. ಕುಲುಮೆ ತಣ್ಣಗಿತ್ತು, ಉಸಿರು ಬಿಟ್ಟರೆ ಹೊಗೆ. ಗಂಟೆ ಒಯ್ದಿದ್ದೆ, ಟವೆಲಿನಲ್ಲಿ.

ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದೆ. ಅಂಚಿನ ಕೆಳಗೆ ಯಜಮಾನರ ಐದು ಏಟು ಕಾಣುತ್ತವೆ. ಉಗುರಿನಷ್ಟು ಅಗಲ, ಒಂದರ ಪಕ್ಕ ಒಂದು. ನಮ್ಮ ಮನೆಯವರವೂ ಇವೆ, ಸುತ್ತಲೂ, ಹಳೆಯವು. ಐದರ ಹತ್ತಿರ ಬಂದು ನಿಂತಿವೆ.

ಅವರ ಸುತ್ತಿಗೆ ತೆಗೆದುಕೊಂಡೆ. ಕೈಯನ್ನು ಮುಂದಕ್ಕೆ ಸರಿಸಿ ಹಿಡಿದರೆ ಹೆಬ್ಬೆರಳು ಗುಳಿಗೆ ಮುಟ್ಟುತ್ತದೆ. ಆದರೆ ತೂಕ ತಪ್ಪುತ್ತದೆ. ತಪ್ಪಲಿ. ನನ್ನ ಕೈ ನನಗೆ ಬೇಕಿರಲಿಲ್ಲ.

ಬಿದ್ದ ಏಟು ಬಿದ್ದಂತೆಯೇ. ಗೊತ್ತು. ಇಪ್ಪತ್ತೆಂಟು ವರ್ಷದಿಂದ ಗೊತ್ತು. ಆದರೂ ಒಳಗಿನಿಂದ, ಅವೇ ಐದು ಜಾಗಕ್ಕೆ, ಐದು ಏಟು ಹೊಡೆದೆ. ನಡುವೆ ಕೇಳಿ ನೋಡಲಿಲ್ಲ. ಕೇಳಿದ್ದರೆ ಕೈ ನೆಟ್ಟಗೆ ಮಾಡಿಬಿಡುತ್ತಿತ್ತು. ಐದನೆಯದು ಜಾರಿತು. ಎಲ್ಲಿ ಬಿತ್ತೋ ನೋಡಲಿಲ್ಲ. ಟವೆಲಿನಲ್ಲಿ ಸುತ್ತಿದೆ. ಬಂದೆ.

ಯಜಮಾನರ ಕೊನೆಯ ಗಂಟೆ ಹಾಳು ಮಾಡಿದೆ. ನಮ್ಮ ಮನೆಯವರದನ್ನೂ. ಇನ್ನು ಇದರ ಮೇಲೆ ಮೂವರ ಕೈ.

ಊಟ ಮಾಡಲಿಲ್ಲ. ದೇವರಗೂಡಿನ ಮುಂದೆ ದಿಂಬಿನ ಮೇಲಿಟ್ಟು ಎರಡು ಗಂಟೆಯಿಂದ ಕೂತಿದ್ದೇನೆ. ಹೊರಗೆ ಹಿಮ ಶುರುವಾಗಿದೆ. ರಸ್ತೆಯ ನೀರಿನ ಸದ್ದು. ಅದು ನಿಲ್ಲಲೆಂದು ಕಾಯುತ್ತಿದ್ದೆ. ನಿಲ್ಲುವುದಿಲ್ಲ. ಕಿಟಕಿ ಹಾಕಿ ಬಂದೆ.

ಎಡಗೈಯಲ್ಲಿ ಬಾರಿಸುತ್ತೇನೆ. ಬರೆಯುತ್ತಲೇ ಕೇಳುತ್ತೇನೆ, ಆಮೇಲೆ ನನಗೇ ಸುಳ್ಳು ಹೇಳಿಕೊಳ್ಳಬಾರದು.

ಬಾರಿಸಿದೆ.

ಒಂದು. ನೆಟ್ಟಗಿದೆ.

ಎರಡು.

ಮೂರು — ಇಳಿಯುತ್ತಿದೆ. ಇಳಿಯುತ್ತಿದೆ. ಇಲ್ಲ. ಈಗ ಇಲ್ಲ. ಕಾಯುತ್ತಿ —